ಕಲ್ಲಾದ ಕೆರೆಗಳನ್ನು ಓದಿದ ಆಚಾರ್ಯ ಬೀರಬಲ್ ಸಾಹನಿ

ಸಿಂದಗಿ, ಇಂಡಿ, ಬಾಗೇವಾಡಿಗಳ ಎರೆಸೀಮೆಯಲ್ಲಿ, ಕನ್ನೊಳ್ಳಿಯಂಥ ಊರುಗಳಲ್ಲಿ ಬಾವಿ ತೋಡಿಸಿದವರಿಗೆ ನೆಲದ ಒಡಲು ಅಪರಿಚಿತವಲ್ಲ. ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಅದರ ಕೆಳಗೆ ಹಾರೆಗೆ ಬಗ್ಗದ ಕರಿಗಲ್ಲು. ಆ ಕಲ್ಲನ್ನು ಒಡೆದು ಇನ್ನೂ ಇಳಿದರೆ ಕೆಲವೆಡೆಗಳಲ್ಲಿ ಮೆತ್ತನೆಯ ಕೆಂಪು ಮಣ್ಣಿನ ಪಟ್ಟಿಯೊಂದು ಸಿಕ್ಕುತ್ತದೆ. ಅದನ್ನು ದಾಟಿದೊಡನೆ ಮತ್ತೆ ಕರಿಗಲ್ಲೇ ತೊಡಗುತ್ತದೆ. ಬಾವಿ ತೋಡುವವನು ಆ ಕೆಂಪು ಪಟ್ಟಿಯನ್ನು ನೀರಿನ ಆಸೆಯಿಂದ ನೋಡುತ್ತಾನೆ. ಭೂಗರ್ಭಶಾಸ್ತ್ರಜ್ಞನು ಅದನ್ನು ಕಾಲದ ಲೆಕ್ಕದಿಂದ ನೋಡುತ್ತಾನೆ. ಕರಿಗಲ್ಲೆಂಬುದು ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದು ತಣಿದ ಲಾವಾರಸ. ಒಂದು ಪ್ರವಾಹ ಹರಿದು ನಿಂತ ತರುವಾಯ ಇನ್ನೊಂದು ಬರುವವರೆಗೆ ನೆಲವು ಬಿಸಿಲು ಮಳೆಗಳಿಗೆ ಮೈಯೊಡ್ಡಿ ಮಣ್ಣಾದುದರ ಗುರುತೇ ಆ ಕೆಂಪು ಪಟ್ಟಿ.

ಎಲ್ಲ ಕಡೆಯೂ ಹೀಗೆ ಬರಿಯ ಮಣ್ಣೇ ಉಳಿಯಲಿಲ್ಲ. ತಣಿದ ಲಾವಾರಸದ ತಗ್ಗುಗಳಲ್ಲಿ ಮಳೆಯ ನೀರು ನಿಂತು ಕೆರೆಗಳಾದವು. ಕೆರೆಗಳ ದಂಡೆಯಲ್ಲಿ ಗಿಡಮರಗಳು ಬೆಳೆದವು. ನೀರಿನಲ್ಲಿ ಪಾಚಿ, ಜರಿ, ಬಸವನಹುಳುಗಳು ಬಾಳಿದವು. ತಳದಲ್ಲಿ ವರ್ಷವರ್ಷವೂ ಕೆಸರು ಕೂಡಿತು. ಮತ್ತೊಮ್ಮೆ ಲಾವಾರಸ ಬಂದು ಎಲ್ಲವನ್ನೂ ಮುಚ್ಚಿತು. ಕೆಸರು ಕಲ್ಲಾಯಿತು. ದಖ್ಖಣದ ಈ ಕಲ್ಲಾದ ಕೆರೆಗಳನ್ನು ಗ್ರಂಥಗಳಂತೆ ಬಿಡಿಸಿ ಓದಿ, ಅವುಗಳ ಕಾಲದಲ್ಲಿ ಇಲ್ಲಿ ಎಂಥ ಮಳೆ, ಎಂಥ ಬಿಸಿಲು, ಎಂಥ ಕಾಡು ಇದ್ದಿತೆಂದು ಹೇಳಿದವರಲ್ಲಿ ಅಗ್ರಗಣ್ಯರು ಆಚಾರ್ಯ ಬೀರಬಲ್ ಸಾಹನಿಯವರು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯನ್ನು ನೆಚ್ಚಿ ಹಿಂಗಾರಿ ಜೋಳ ಬಿತ್ತುವ ನಮ್ಮ ಸೀಮೆಯವರು ಆ ಮಹನೀಯರ ಜೀವನವನ್ನು ತಿಳಿಯುವುದು ಉಚಿತವೇ ಆಗಿದೆ.

ಸಾಹನಿಯವರು ಹುಟ್ಟಿದ್ದು 1891ನೆಯ ನವೆಂಬರ್ 14ರಂದು, ಪಶ್ಚಿಮ ಪಂಜಾಬಿನ ಭೇರಾ ಎಂಬ ಹಳೆಯ ಪಟ್ಟಣದಲ್ಲಿ. ಝೇಲಂ ನದಿಯ ತೀರದ ಆ ಊರು ಇಂದು ಪಾಕಿಸ್ತಾನದಲ್ಲಿದೆ. ನದಿಯ ಆಚೆಗೆ, ಬಹಳ ದೂರವಲ್ಲದೆ, ಉಪ್ಪಿನ ಗಣಿಗಳಿಗೆ ಹೆಸರಾದ ಲವಣಪರ್ವತ ಶ್ರೇಣಿ. ಈ ಬೆಟ್ಟಗಳ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಅವು ಈ ಕಥೆಯಲ್ಲಿ ಮತ್ತೆ ಬರುವುವು. ತಂದೆ ರುಚಿರಾಮ ಸಾಹನಿಯವರು ಡೇರಾ ಇಸ್ಮಾಯಿಲ್ ಖಾನಿನಿಂದ ಬಡತನದಲ್ಲಿಯೇ ಓದಿ ಮೇಲೆ ಬಂದು ಲಾಹೋರಿನ ಸರಕಾರೀ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾದವರು. ಪಂಜಾಬಿನ ಊರೂರುಗಳಲ್ಲಿ ಜನರಾಡುವ ಪಂಜಾಬಿಯಲ್ಲಿಯೇ ವಿಜ್ಞಾನದ ಉಪನ್ಯಾಸಗಳನ್ನು ಕೊಟ್ಟ ಖ್ಯಾತಿ ಅವರದು. ದೇಶಭಾಷೆಯಲ್ಲಿ ವಿಜ್ಞಾನವನ್ನು ಹೇಳಲಾದೀತೇ ಎಂದು ಇಂದಿಗೂ ಚರ್ಚಿಸುವ ನಮ್ಮ ಪಂಡಿತರು ಹತ್ತೊಂಬತ್ತನೆಯ ಶತಮಾನದ ಈ ಮೇಷ್ಟರ ಉದಾಹರಣೆಯನ್ನು ಗಮನಿಸಬಹುದು. ರಜೆ ಬಂದಿತೆಂದರೆ ತಂದೆ ಮಕ್ಕಳನ್ನು ಕರೆದುಕೊಂಡು ಹಿಮಾಲಯವನ್ನು ಏರುತ್ತಿದ್ದರು. ಕಾಲ್ನಡಿಗೆಯ ಆ ಪ್ರವಾಸಗಳಲ್ಲಿಯೇ ಬೀರಬಲರಿಗೆ ಗಿಡಮೂಲಿಕೆಗಳನ್ನು ಕೂಡಿಹಾಕುವ ಹುಚ್ಚು ಹತ್ತಿತು.

ಲಾಹೋರಿನಲ್ಲಿ 1911ರಲ್ಲಿ ಪದವಿ ಪಡೆದಾಗ ಮಗನು ಸಿವಿಲ್ ಸರ್ವಿಸ್ ಸೇರಬೇಕೆಂಬುದು ತಂದೆಯ ಇಚ್ಛೆಯಾಗಿದ್ದಿತು. ಮಗನು ಒಪ್ಪಲಿಲ್ಲ. ಆ ಕಾಲದಲ್ಲಿ ಸಸ್ಯಶಾಸ್ತ್ರವೆಂದರೆ ಹೊಟ್ಟೆ ತುಂಬಿಸದ ವಿದ್ಯೆ. ಕಲೆಕ್ಟರನ ಕುರ್ಚಿಯೆದುರಿಗೆ ಅದಕ್ಕೆ ಬೆಲೆ ಎಲ್ಲಿಯದು? ಆದರೂ ಬೀರಬಲರು ಕೇಂಬ್ರಿಜ್ಜಿನ ಎಮಾನ್ಯುಯೆಲ್ ಕಾಲೇಜಿಗೆ ಸೇರಿದ್ದು ಗಿಡಗಳಿಗಾಗಿಯೇ. 1914ರಲ್ಲಿ ಅಲ್ಲಿಯ ಪದವಿ ದೊರೆಯಿತು. ಪಳೆಯುಳಿಕೆಯಾದ ಸಸ್ಯಗಳ ವಿಷಯದಲ್ಲಿ ಆಗ ಲೋಕಮಾನ್ಯರಾಗಿದ್ದ ಎ. ಸಿ. ಸೀವರ್ಡರು ಗುರುಗಳಾಗಿ ಲಭಿಸಿದರು. ಗುರುಶಿಷ್ಯರು ಕೂಡಿ ಭಾರತದ ಗೊಂಡವಾನ ಸ್ತರಗಳ ಸಸ್ಯಾವಶೇಷಗಳನ್ನು ಮರುಪರಿಶೀಲಿಸಿ ಬರೆದ ಗ್ರಂಥ 1920ರಲ್ಲಿ ಪ್ರಕಟವಾಯಿತು.

ಅವರ ಮೊತ್ತಮೊದಲಿನ ಲೇಖನಗಳಲ್ಲಿ ಒಂದು 1915ರದು. ಗಿಂಕ್ಗೊ ಎಂಬ ಮರದ ಅಂಡಕದೊಳಗೆ ಬೇರೆ ಜಾತಿಯ ಸಸ್ಯದ ಪರಾಗ ಸೇರಿಕೊಂಡಿದ್ದುದನ್ನು ಅವರು ಸೂಕ್ಷ್ಮದರ್ಶಕದಲ್ಲಿ ಕಂಡರು. ನೋಡುವುದಕ್ಕೆ ಸಣ್ಣ ಸಂಗತಿ. ಆದರೆ ಅದರಿಂದ ಅವರು ತೆಗೆದ ತಾತ್ಪರ್ಯ ಸಣ್ಣದಲ್ಲ: ಪಳೆಯುಳಿಕೆಯಾದ ಬೀಜದೊಳಗೆ ಪರಾಗ ಸಿಕ್ಕಿತೆಂದ ಮಾತ್ರಕ್ಕೆ ಆ ಪರಾಗವು ಅದೇ ಗಿಡದ್ದೆಂದು ನಂಬಲಾಗದು, ಗಾಳಿಯು ಎಲ್ಲಿಯದನ್ನೋ ಎಲ್ಲಿಗೋ ತಂದು ಹಾಕಿರಬಹುದು. ಇಪ್ಪತ್ತಮೂರು ಇಪ್ಪತ್ತನಾಲ್ಕರ ತರುಣನೊಬ್ಬನು ಜಗತ್ತಿನ ವಿದ್ವಾಂಸರಿಗೆ ಕೊಟ್ಟ ಎಚ್ಚರಿಕೆ ಇದು. ಈ ಎಚ್ಚರಿಕೆಯೂ ಮುಂದೆ ಒಮ್ಮೆ ನೆನಪಿಗೆ ಬರುವ ಪ್ರಸಂಗವುಂಟು.

ನಮ್ಮ ಕಾವ್ಯಗಳಲ್ಲಿ ಪರಾಗವೆಂಬುದು ದುಂಬಿಯ ಮೈಗೆ ಮೆತ್ತುವುದಕ್ಕೂ ವಿರಹಿಗಳ ತಾಪವನ್ನು ಹೆಚ್ಚಿಸುವುದಕ್ಕೂ ಹುಟ್ಟಿದ ವಸ್ತು. ಹೂವು ಬಾಡಿತೆಂದರೆ ಕವಿಗೆ ಅದರ ಪರಾಗದ ಚಿಂತೆಯಿಲ್ಲ. ವಿಜ್ಞಾನಿಯ ಕೆಲಸ ಅಲ್ಲಿಂದಲೇ ಮೊದಲಾಗುತ್ತದೆ. ಕಣ್ಣಿಗೆ ಕಾಣದ ಆ ಕಣದ ಹೊರಗವಚವು ಆಮ್ಲಗಳಿಗೂ ಸುಲಭವಾಗಿ ಕರಗದಷ್ಟು ಗಟ್ಟಿ. ಒಂದೊಂದು ಕುಲದ ಗಿಡದ ಪರಾಗಕ್ಕೆ ಒಂದೊಂದು ಆಕಾರ, ಒಂದೊಂದು ಬಗೆಯ ಕೆತ್ತನೆ. ಕೆರೆಯ ಮೇಲೆ ಉದುರಿ ತಳದ ಕೆಸರಿನಲ್ಲಿ ಹೂತ ಪರಾಗವು, ಗಾಳಿ ತಾಕದಿದ್ದರೆ, ಸಾವಿರಾರು ವರ್ಷ, ಕೋಟ್ಯಂತರ ವರ್ಷ ಕೂಡ ಕೆಡದೆ ಉಳಿಯುತ್ತದೆ. ನಮ್ಮ ಎರೆಹೊಲಗಳು ಬೇಸಗೆಯಲ್ಲಿ ಆಳುದ್ದ ಬಿರುಕು ಬಿಟ್ಟು ಗಾಳಿ ಕುಡಿಯುವುದರಿಂದ ಅಲ್ಲಿ ಅದು ಉಳಿಯುವುದು ಕಷ್ಟ. ಸದಾ ನೀರಿನಡಿಯಿರುವ ಕೆರೆಯ ತಳ, ಜೌಗುನೆಲ, ಕಡಲ ತಳ ಇವೇ ಅದರ ಭಂಡಾರಗಳು. ಅಲ್ಲಿಂದ ಕೊಳವೆಯಿಳಿಸಿ ಕೆಸರಿನ ಕಂಬವನ್ನು ಎತ್ತಿ, ಪದರಪದರವಾಗಿ ಬಿಡಿಸಿ, ಸುಣ್ಣದಂಶವನ್ನೂ ಮರಳನ್ನೂ ಆಮ್ಲಗಳಿಂದ ಕರಗಿಸಿ ಕಳೆದರೆ ಪರಾಗವು ಉಳಿಯುತ್ತದೆ. ಸ್ವೀಡನ್ನಿನ ಲೆನ್ನಾರ್ಟ್ ಫಾನ್ ಪೋಸ್ಟರು 1916ರಲ್ಲಿ ಜೌಗುನೆಲಗಳ ಪದರಗಳಲ್ಲಿಯ ಪರಾಗಗಳನ್ನು ಮರದ ಜಾತಿಗನುಸಾರ ಎಣಿಸಿ, ಶೇಕಡಾ ಲೆಕ್ಕ ಹಾಕಿ, ಕಾಡುಗಳು ಬದಲಾದ ಬಗೆಯನ್ನೂ ಅದರ ಮೂಲಕ ಹವೆ ಬದಲಾದ ಬಗೆಯನ್ನೂ ಗೆರೆಗಳಲ್ಲಿ ತೋರಿಸಿದರು. ಅಂದಿನಿಂದ ಈ ಶಾಸ್ತ್ರವು ತನ್ನ ಕಾಲ ಮೇಲೆ ತಾನು ನಿಂತಿತು.

ಸಾಹನಿಯವರು 1919ರಲ್ಲಿ ಲಂಡನ್ನಿನ ಡಿ.ಎಸ್ಸಿ. ಪದವಿಯೊಡನೆ ಸ್ವದೇಶಕ್ಕೆ ಮರಳಿದರು. ಬನಾರಸ ಹಿಂದೂ ವಿಶ್ವವಿದ್ಯಾಲಯದಲ್ಲಿಯೂ ಲಾಹೋರಿನಲ್ಲಿಯೂ ಕೆಲಕಾಲ ಅಧ್ಯಾಪನ ನಡೆಸಿ 1921ರಲ್ಲಿ ಹೊಸದಾಗಿ ಹುಟ್ಟಿದ ಲಖನೌ ವಿಶ್ವವಿದ್ಯಾಲಯದ ಪ್ರಥಮ ಸಸ್ಯಶಾಸ್ತ್ರ ಪ್ರಾಧ್ಯಾಪಕರಾದರು. 1920ರಲ್ಲಿ ಅವರ ಕೈಹಿಡಿದ ಸಾವಿತ್ರಿಯವರು ಬೆಟ್ಟಗುಡ್ಡಗಳ ಅಲೆದಾಟದಲ್ಲಿಯೂ ಪತಿಯ ಜೊತೆಗಾತಿಯಾದರು. ಹೆಸರಿಗೆ ತಕ್ಕ ಈ ಸಾಧ್ವಿಯ ಪಾತ್ರ ಎಂಥದೆಂಬುದು ಕಥೆಯ ಕೊನೆಗೆ ತಿಳಿಯುವುದು. ಸಾಹನಿಯವರ ಉಡುಪು ಖಾದಿ. ಪದವಿಗಳು ಹೆಚ್ಚಿದರೂ ಅದು ಬದಲಾಗಲಿಲ್ಲ. 1929ರಲ್ಲಿ ಕೇಂಬ್ರಿಜ್ಜಿನಿಂದ ಎಸ್ಸಿ.ಡಿ. ಬಂದಿತು, 1936ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂದಿತು.

ದಖ್ಖಣದ ಕಲ್ಲಾದ ಕೆರೆಗಳತ್ತ ಅವರು ಕಣ್ಣು ಹೊರಳಿಸಿದ್ದು ಈ ಕಾಲದಲ್ಲಿ. ಮಧ್ಯಪ್ರಾಂತದ ಛಿಂದವಾಡಾ ಜಿಲ್ಲೆಯ ಮೋಹಗಾಂವ್ ಕಲಾನ್ ಎಂಬ ಹಳ್ಳಿಯ ಸುತ್ತ ಲಾವಾರಸದ ಪದರಗಳ ನಡುವೆ ಬೆಣಚುಗಲ್ಲಿನಂಥ ತುಣುಕುಗಳು ದೊರೆಯುತ್ತಿದ್ದವು. ಹೊರಗೆ ನೋಡಿದರೆ ಹೊಲದ ಬದುವಿಗೆ ಹಾಕಲು ಕೂಡ ಯಾರೂ ಆರಿಸದ ಕಲ್ಲುಗಳು. ಆದರೆ ಕೆರೆಯ ನೀರಿನಲ್ಲಿ ಕರಗಿದ್ದ ಸಿಲಿಕವು ಗಿಡದ ಒಂದೊಂದು ಜೀವಕೋಶದೊಳಗೂ ಇಳಿದು ಹೆಪ್ಪುಗಟ್ಟಿದ್ದರಿಂದ, ಆ ಕಲ್ಲನ್ನು ಕೊಯ್ದು, ಬೆಳಕು ಹಾಯುವಷ್ಟು ತೆಳ್ಳಗೆ ತೀಡಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನಿನ್ನೆ ಕಿತ್ತ ಗಿಡವನ್ನು ನೋಡಿದಂತಾಗುತ್ತಿದ್ದಿತು. 1934ರಲ್ಲಿ ಸಾಹನಿಯವರು ಅಲ್ಲಿಯ ವಿಚಿತ್ರ ಫಲವೊಂದನ್ನು ವರ್ಣಿಸಿದರು. ಯಾವ ಬಳಗಕ್ಕೆ ಸೇರಿದ್ದೆಂದು ತಿಳಿಯದ ಅದಕ್ಕೆ ಒಗಟಿನ ಕಾಯಿ ಎಂಬರ್ಥದ ಎನಿಗ್ಮೋಕಾರ್ಪಾನ್ ಎಂದೇ ಹೆಸರಿಟ್ಟು, ಒಡಿಶಾದ ಸಸ್ಯಶಾಸ್ತ್ರಜ್ಞ ಪರಿಜಾ ಅವರ ನೆನಪನ್ನು ಅದಕ್ಕೆ ಜೋಡಿಸಿದರು. ಅದೇ ವರ್ಷ ಎಚ್. ಎಸ್. ರಾವ್ ಅವರೊಡನೆ ಅಜೋಲಾ ಎಂಬ ನೀರುಜರಿಯ ಅವಶೇಷವನ್ನು ಗುರುತಿಸಿದರು. ಇಂದು ಭತ್ತದ ಗದ್ದೆಯಲ್ಲಿ ಗೊಬ್ಬರಕ್ಕಾಗಿ ಬೆಳೆಸುವ ಅದೇ ಅಜೋಲಾದ ಪೂರ್ವಜ. ಅದು ನಿಂತ ಸಿಹಿನೀರಿನ ಸಸ್ಯ. ಆದುದರಿಂದ ಅಲ್ಲಿ ಸಿಹಿನೀರಿನ ಕೊಳಗಳಿದ್ದವು. 1937ರಲ್ಲಿ ಕೆ. ಪಿ. ರೋಡೆಯವರೊಡನೆ ಪ್ರಕಟಿಸಿದ ಬರಹದಲ್ಲಿ ನೀಪಾ ತಾಳೆಯ ಕಾಯಿಯ ವರ್ಣನೆ ಬಂದಿತು. ನೀಪಾ ಬೆಳೆಯುವುದು ಸುಂದರಬನದಂತಹ, ಹೊಳೆಯ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ಅಳಿವೆಗಳ ಕೆಸರಿನಲ್ಲಿ. ಇಂದು ಯಾವ ಕಡಲಿನಿಂದಲೂ ನೂರಾರು ಮೈಲಿ ದೂರದಲ್ಲಿರುವ ಛಿಂದವಾಡದಲ್ಲಿ ಆ ಕಾಯಿ ಸಿಕ್ಕಿತೆಂದರೆ ಕಡಲಿನ ತೋಳೊಂದು ಅಂದು ಒಳನಾಡಿನವರೆಗೆ ಚಾಚಿಕೊಂಡಿದ್ದಿತೆಂದು ಅರ್ಥ. ತಾಳೆಗಳ ಸಮೃದ್ಧಿಯನ್ನು ನೋಡಿದರೆ ಹವೆಯು ಬೆಚ್ಚಗೂ ತೇವವಾಗಿಯೂ ಇದ್ದಿರಬೇಕು. ಒಂದು ಕಾಯಿ, ಒಂದು ಜರಿ, ಕೆಲವು ಮರದ ತುಂಡು: ಇಷ್ಟರಿಂದ ಸಾಹನಿಯವರು ಒಂದು ನಾಡನ್ನೇ ಮರಳಿ ಕಟ್ಟಿದರು.

ಆದರೆ ಈ ಕೆರೆಗಳು ಎಷ್ಟು ಹಳೆಯವು? ಮಧ್ಯಜೀವಿಯುಗದ ಕೊನೆಗೆ, ಕ್ರಿಟೇಷಿಯಸ್ ಕಾಲಕ್ಕೆ ಸೇರಿದವೆಂದು ಕೆಲವರು. ಅದರ ಮುಂದಿನ ಟರ್ಷಿಯರಿ ಯುಗಕ್ಕೆ ಸೇರಿದವೆಂದು ಸಾಹನಿಯವರು. 1940ರಲ್ಲಿ ಮದರಾಸಿನಲ್ಲಿ ಕೂಡಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷಪೀಠದಿಂದ ಅವರು ಮಾಡಿದ ಭಾಷಣದ ವಿಷಯವೇ ದಖ್ಖಣದ ಈ ಲಾವಾಸ್ತರಗಳಾಗಿದ್ದವು. ಅವು ಟರ್ಷಿಯರಿ ಯುಗದ ಒಂದು ಪ್ರಕರಣವೆಂಬುದು ಅದರ ಶೀರ್ಷಿಕೆಯಲ್ಲಿಯೇ ಸೇರಿದ್ದಿತು. ನಮ್ಮ ಸೀಮೆಯ ನೆಲದಡಿಯ ಕಲ್ಲು ದೇಶದ ವಿದ್ವತ್ಸಭೆಯ ಅಧ್ಯಕ್ಷಭಾಷಣಕ್ಕೆ ವಸ್ತುವಾದದ್ದು ಕಡಿಮೆಯ ಗೌರವವಲ್ಲ.

ಕನ್ನಡನಾಡಿಗೂ ಸಾಹನಿಯವರಿಗೂ ಇನ್ನೊಂದು ನಂಟು ಇದೆ. 1932ರಲ್ಲಿ ಬೆಂಗಳೂರಿನಿಂದ ಹೊರಡಲಾರಂಭಿಸಿದ ಕರೆಂಟ್ ಸೈನ್ಸ್ ಪತ್ರಿಕೆಗೆ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣರಾಯರು ಸಂಪಾದಕರು. ಕಾಶ್ಮೀರದ ಕೆರೆಗಳ ವಿಷಯವಾಗಿ 1936ರಲ್ಲಿ ಸಾಹನಿಯವರು ಬರೆದದ್ದು ಈ ಪತ್ರಿಕೆಯಲ್ಲಿಯೇ. ಕಾಶ್ಮೀರದ ಕಣಿವೆಯಲ್ಲಿ ಕರೇವಾಗಳೆಂಬ ಮಣ್ಣಿನ ಚಪ್ಪಟೆ ದಿಬ್ಬಗಳಿವೆ. ಕೇಸರಿ ಬೆಳೆಯುವುದು ಅವುಗಳ ಮೇಲೆ. ಅವು ಒಂದು ಕಾಲಕ್ಕೆ ಕಣಿವೆಯನ್ನೆಲ್ಲ ತುಂಬಿದ್ದ ಮಹಾಸರೋವರದ ತಳದ ಕೆಸರು. ಅದೇ ಕೆಸರಿನ ಸ್ತರಗಳು ಪೀರ್ ಪಂಜಾಲ ಪರ್ವತದ ಮೈಯಲ್ಲಿ, ಸುಮಾರು ಹತ್ತು ಸಾವಿರ ಅಡಿ ಎತ್ತರದಲ್ಲಿಯೂ, ಸಸ್ಯಾವಶೇಷಗಳೊಡನೆ ಕಂಡುಬರುತ್ತವೆ. ನಿಂತ ನೀರಿನ ಗಿಡಗಳು ಪರ್ವತದ ಹೆಗಲಿಗೆ ಏರಿದ್ದು ಹೇಗೆ? ಗಿಡಗಳು ಏರಲಿಲ್ಲ, ಕೆರೆಯ ತಳವನ್ನೇ ಎತ್ತಿಕೊಂಡು ಪರ್ವತವು ಏರಿತು, ಅದೂ ಮನುಷ್ಯನು ಹುಟ್ಟಿದ ಈಚೆಗೆ ಎಂಬುದು ಸಾಹನಿಯವರ ವಾದ. ಪರ್ವತವು ತಗ್ಗಾಗಿದ್ದಾಗ ಆದಿಮಾನವರು ಹಿಮಾಲಯವನ್ನು ಇಂದಿಗಿಂತ ಸುಲಭವಾಗಿ ದಾಟಿ ಆಚೀಚೆ ಹೋಗಿಬಂದಿರಬಹುದೆಂದು ಕೂಡ ಅವರು ಊಹಿಸಿದರು. ಕರೇವಾಗಳ ಕೆಳಗಿನ ಸ್ತರಗಳು ಸುಮಾರು 40 ಲಕ್ಷ ವರ್ಷ ಹಳೆಯವೆಂದು ಇಂದು ತಿಳಿದಿದೆ. ಆದುದರಿಂದ ಪರ್ವತದ ಏರಿಕೆ ಅವರೆಣಿಸಿದ್ದಕ್ಕಿಂತ ನಿಧಾನವಾದದ್ದು. ಅವರ ಶಿಷ್ಯ ಜಿ. ಎಸ್. ಪುರಿಯವರು ಕರೇವಾಗಳಲ್ಲಿ ಓಕ್ ಮರದ ಎಲೆಗಳನ್ನು ಕಂಡರು. ಇಂದಿನ ಕಾಶ್ಮೀರ ಕಣಿವೆಯಲ್ಲಿ ಓಕ್ ಸಹಜವಾಗಿ ಬೆಳೆಯುವುದಿಲ್ಲ. ಪೀರ್ ಪಂಜಾಲವು ಬೆಳೆದು ನೈಋತ್ಯದ ಮಳೆಮೋಡಗಳಿಗೆ ಗೋಡೆಯಾದ ಮೇಲೆ ಆ ಮರಗಳು ಅಲ್ಲಿಂದ ಕಣ್ಮರೆಯಾದವು. ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಾಳುವ ನಮಗೆ ಈ ನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರ ಕುತೂಹಲ ಗಿಡಗಳಿಗಷ್ಟೇ ಸೀಮಿತವಾಗಿರಲಿಲ್ಲ. 1936ರಲ್ಲಿ ರೋಹತಕದ ಖೋಖ್ರಾಕೋಟ್ ದಿಬ್ಬದಲ್ಲಿ ಯೌಧೇಯರ ನಾಣ್ಯ ಎರಕ ಹೊಯ್ದ ಮಣ್ಣಿನ ಅಚ್ಚುಗಳು ಕಣ್ಣಿಗೆ ಬಿದ್ದುವು. ಭೂಗರ್ಭಶಾಸ್ತ್ರಜ್ಞನ ಕೈಯ ಸುತ್ತಿಗೆಯೇ ಇತಿಹಾಸಕ್ಕೂ ಒದಗಿತು. ಪ್ರಾಚೀನ ಭಾರತದಲ್ಲಿ ನಾಣ್ಯಗಳನ್ನು ಎರಕ ಹೊಯ್ಯುತ್ತಿದ್ದ ವಿಧಾನವನ್ನು ಕುರಿತು ಅವರು ಬರೆದ ಗ್ರಂಥಕ್ಕೆ 1945ರಲ್ಲಿ ನಾಣ್ಯಶಾಸ್ತ್ರ ಪರಿಷತ್ತಿನ ಪದಕ ದೊರೆಯಿತು.

ಇನ್ನು ಲವಣಪರ್ವತದ ಪ್ರಸಂಗ. ಹುಟ್ಟೂರಿನ ಎದುರಿನ ಆ ಬೆಟ್ಟಗಳ ಉಪ್ಪಿನ ಸ್ತರಗಳು ಯಾವ ಕಾಲದವು ಎಂಬ ಪ್ರಶ್ನೆ ಬಹುಕಾಲದಿಂದ ಜಗಳದಲ್ಲಿದ್ದಿತು. ಅವುಗಳ ಮೇಲೆ ಕೇಂಬ್ರಿಯನ್ ಯುಗದ ಕಲ್ಲುಗಳಿದ್ದವು. ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ಸಾಮಾನ್ಯ ನಿಯಮದಂತೆ ಉಪ್ಪು ಅವಕ್ಕಿಂತ ಪ್ರಾಚೀನವಾಗಬೇಕು. ಹಾಗೆ ವಾದಿಸಿದವರಲ್ಲಿ ಭೂಗರ್ಭ ಸಮೀಕ್ಷೆಯ ಇ. ಆರ್. ಗೀ ಮುಖ್ಯರು. ಭೂಮಿಯ ಮಡಿಕೆಯಲ್ಲಿ ಹಳೆಯ ಕಲ್ಲುಗಳು ಹೊಸ ಉಪ್ಪಿನ ಮೇಲೆ ಜಾರಿ ಕುಳಿತಿವೆ ಎಂಬುದು ಎದುರು ಪಕ್ಷ. ಸಾಹನಿಯವರು ಉಪ್ಪನ್ನು ಕರಗಿಸಿ, ಸೋಸಿ, ಉಳಿದ ಕಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೂ ಬಿಡುವ ಸಸ್ಯಗಳ ಸಣ್ಣ ಸಣ್ಣ ಚೂರುಗಳು, ಕೀಟಗಳ ಅಂಶಗಳು ಅಲ್ಲಿ ಕಂಡವು. ಕೇಂಬ್ರಿಯನ್ ಕಾಲದಲ್ಲಿ ಹೂ ಬಿಡುವ ಗಿಡವೇ ಭೂಮಿಯ ಮೇಲಿರಲಿಲ್ಲ. ಆದುದರಿಂದ ಉಪ್ಪು ಟರ್ಷಿಯರಿ ಯುಗದ ಇಯೋಸೀನ್ ಕಾಲದ್ದೆಂದು ಅವರು ಸಾರಿದರು. 1944ರಿಂದ ಮುಂದೆ ವಿಚಾರಗೋಷ್ಠಿಗಳು ಸೇರಿದವು, ವಾದವು ಖಾರವಾಯಿತು. ಹೊರಗಿನ ಧೂಳು ಬೆರೆಯದಂತೆ ತಾವು ವಹಿಸಿದ ಎಚ್ಚರಿಕೆಗಳನ್ನೆಲ್ಲ ಅವರು ವಿವರಿಸಿದರು.

ಆದರೂ ಈ ವ್ಯಾಜ್ಯದಲ್ಲಿ ಕಾಲವು ತೀರ್ಪು ಕೊಟ್ಟದ್ದು ಅವರಿಗೆ ವಿರುದ್ಧವಾಗಿ. ಲವಣಪರ್ವತದ ಉಪ್ಪು ಕೇಂಬ್ರಿಯನ್ ಯುಗದ ಆರಂಭದ್ದು ಅಥವಾ ಅದಕ್ಕೂ ಹಿಂದಿನದು, 50 ಕೋಟಿ ವರ್ಷಗಳಿಗೂ ಮಿಕ್ಕ ಪ್ರಾಚೀನವಾದುದು ಎಂಬುದು ಇಂದು ನೆಲೆನಿಂತ ಮತ. ನೀರಿಗೆ ಕರಗುವ, ಬಿರುಕು ಬಿಡುವ, ಮತ್ತೆ ಕೂಡಿಕೊಳ್ಳುವ ಉಪ್ಪಿನೊಳಗೆ ಬಹಳ ಈಚಿನ ಸಸ್ಯಕಣಗಳು ಹೊಕ್ಕಿರುವುದೇನೂ ಅಸಾಧ್ಯವಲ್ಲ. 1915ರ ತರುಣನು ಗಿಂಕ್ಗೊವಿನ ಅಂಡಕವನ್ನು ನೋಡಿ ಕೊಟ್ಟಿದ್ದ ಎಚ್ಚರಿಕೆಯೇ ಮೂವತ್ತು ವರ್ಷಗಳ ತರುವಾಯ ಆಚಾರ್ಯನ ವಿರುದ್ಧ ಸಾಕ್ಷಿ ನುಡಿದಂತಾಯಿತು. ಇದರಿಂದ ಸಾಹನಿಯವರ ಹಿರಿಮೆಗೆ ಊನವೆಂದು ನಾನು ಭಾವಿಸಲಾರೆ. ಕೆರೆಯ ಕೆಸರಿಗೂ ಉಪ್ಪಿನ ಬಂಡೆಗೂ ಇರುವ ಭೇದವನ್ನು ಮುಂದಿನವರು ಅರಿತದ್ದು ಇಂಥ ವ್ಯಾಜ್ಯಗಳಿಂದಲೇ. ಒಂದು ಕಣ ಸಿಕ್ಕಿತೆಂದರೆ ಸಾಲದು. ಅದು ಅಲ್ಲಿಗೆ ಬಂದ ದಾರಿಯೂ ಸಿಕ್ಕಬೇಕೆಂಬ ಶಿಸ್ತು ಈ ಶಾಸ್ತ್ರದಲ್ಲಿ ಬೇರೂರಿತು.

1946ರಲ್ಲಿ ಸಾಹನಿ ದಂಪತಿಗಳು ತಮ್ಮ ಹಣ, ಆಸ್ತಿ, ಗ್ರಂಥಭಂಡಾರ, ಜೀವಮಾನವಿಡೀ ಕೂಡಿಸಿದ ಪಳೆಯುಳಿಕೆಗಳು ಎಲ್ಲವನ್ನೂ ಒಪ್ಪಿಸಿ ಲಖನೌದಲ್ಲಿ ಪ್ರಾಚೀನ ಸಸ್ಯಶಾಸ್ತ್ರದ ಸಂಸ್ಥೆಯೊಂದನ್ನು ಹುಟ್ಟುಹಾಕಿದರು. ಮಕ್ಕಳಿಲ್ಲದ ಮನೆಗೆ ಇದೇ ಸಂತಾನವಾಯಿತು. ಮರುವರ್ಷ ದೇಶ ಒಡೆಯಿತು. ಭೇರಾ, ಲಾಹೋರು, ಲವಣಪರ್ವತ ಎಲ್ಲವೂ ಗಡಿಯಾಚೆಗಾದುವು. 1948ರಲ್ಲಿ ಪ್ರಾಂತ ಸರಕಾರವು ಬಂಗಲೆಯೊಡನೆ ಮೂರೂವರೆ ಎಕರೆ ನೆಲವನ್ನು ಕೊಟ್ಟಿತು. ಅದೇ ವರ್ಷ ರಾಜಮಹಲ ಬೆಟ್ಟಗಳ ಪಳೆಯುಳಿಕೆಗಳಿಂದ ಪೆಂಟಾಕ್ಸಿಲೀ ಎಂಬ ಹೊಸ ಸಸ್ಯವರ್ಗವನ್ನೇ ಅವರು ಜಗತ್ತಿನ ಮುಂದಿಟ್ಟರು. 1949ನೆಯ ಎಪ್ರಿಲ್ 3ರಂದು ಪ್ರಧಾನಿ ಜವಾಹರಲಾಲ ನೆಹರೂ ಅವರು ಹೊಸ ಕಟ್ಟಡದ ಅಸ್ತಿಭಾರದ ಕಲ್ಲನ್ನಿಟ್ಟರು. ಆ ಕಲ್ಲು ಸಾಮಾನ್ಯವಾದುದಲ್ಲ. ನಾನಾ ದೇಶಗಳ, ನಾನಾ ಯುಗಗಳ ಪಳೆಯುಳಿಕೆಗಳನ್ನು ಹುದುಗಿಸಿ ಸಾಹನಿಯವರೇ ಸಿದ್ಧಪಡಿಸಿದ್ದು. ಒಂದು ವಾರ ಕಳೆಯಿತು. ಎಪ್ರಿಲ್ 9 ಕಳೆದು 10 ತೊಡಗುವ ನಡುರಾತ್ರಿ ಹೃದಯಾಘಾತದಿಂದ ಅವರು ತೀರಿಕೊಂಡರು. ಐವತ್ತೇಳು ವರ್ಷದ ಆಯುಷ್ಯ. ಮರುವರ್ಷ ಸ್ಟಾಕ್‌ಹೋಮಿನಲ್ಲಿ ಕೂಡಲಿದ್ದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದ ಗೌರವಾಧ್ಯಕ್ಷರಾಗಿ ಅವರು ಆಯ್ಕೆಯಾಗಿದ್ದರು. ಪರಾಗವೆಣಿಕೆಗೆ ತವರಾದ ನಾಡಿಗೆ ಹೋಗುವ ಯೋಗ ಕೂಡಿಬರಲಿಲ್ಲ. ಸಂಸ್ಥೆಯ ಅಂಗಳದಲ್ಲಿಯೇ ಅವರ ಸಮಾಧಿಯಿದೆ.

ಗೋಡೆಗಳೇಳದ ಸಂಸ್ಥೆಯನ್ನು ಸಾವಿತ್ರಿಯವರು ಬಿಡಲಿಲ್ಲ. ವಿದ್ವಾಂಸರನ್ನು ಒಲಿಸಿ, ಸರಕಾರದ ಬಾಗಿಲು ತಟ್ಟಿ, ಕಟ್ಟಡವನ್ನು ಮುಗಿಸಿದರು. 1953ರ ಜನವರಿಯಲ್ಲಿ ನೆಹರೂ ಅವರೇ ಬಂದು ಅದನ್ನು ಉದ್ಘಾಟಿಸಿದರು. ಪುರಾಣದ ಸಾವಿತ್ರಿ ಪತಿಯ ಪ್ರಾಣವನ್ನು ಮರಳಿ ತಂದಳು. ಈ ಸಾವಿತ್ರಿ ಪತಿಯ ಕೆಲಸವನ್ನು ಉಳಿಸಿದರು. 1985ರಲ್ಲಿ ತೀರಿಕೊಳ್ಳುವವರೆಗೂ ಅವರ ಜೀವ ಆ ಸಂಸ್ಥೆಯಲ್ಲಿದ್ದಿತು.

ಪರಾಗವೆಣಿಕೆಯು ನಮ್ಮ ದೇಶದಲ್ಲಿ ಬಲಿತದ್ದು ಆ ಮನೆಯಲ್ಲಿ. ಅಲ್ಲಿಯ ಗುರದೀಪ ಸಿಂಗರು ರಾಜಸ್ಥಾನದ ಸಾಂಭರ, ಡೀಡವಾಣಾ, ಲೂಣಕರಣಸರ ಎಂಬ ಉಪ್ಪುಕೆರೆಗಳ ಕೆಸರನ್ನು ಬಗೆದು, ಇಂದಿನ ಮರುಭೂಮಿಯಲ್ಲಿ ಸಾವಿರಾರು ವರ್ಷಗಳ ಹಿಂದೆ ಮಳೆ ಹೆಚ್ಚಾಗಿದ್ದಿತೆಂದು 1970ರ ದಶಕದಲ್ಲಿ ತೋರಿಸಿದರು. ಮಳೆ ಕುಗ್ಗಿದ್ದಕ್ಕೂ ಸಿಂಧೂ ನಗರಗಳು ಅಳಿದದ್ದಕ್ಕೂ ಅವರು ಹೊಂದಿಸಿದ ನಂಟನ್ನು ಮುಂದಿನವರು ಪೂರ್ತಿ ಒಪ್ಪಲಿಲ್ಲ. ಕೆರೆ ಬತ್ತಿದ್ದು ನಗರಗಳ ಅವನತಿಗಿಂತ ಬಹಳ ಮೊದಲೇ ಎಂದು 1999ರ ಶೋಧನೆಯೊಂದು ಹೇಳಿತು. ನಮ್ಮ ಕಾರವಾರದೆದುರಿನ ಕಡಲತಳದ ಕೆಸರನ್ನು ಪರೀಕ್ಷಿಸಿದ ಕರಾತಿನಿ ಮೊದಲಾದವರು ಸುಮಾರು 3,500 ವರ್ಷಗಳ ಹಿಂದೆ ಉತ್ತರ ಕನ್ನಡದ ಘಟ್ಟದ ಕಾಡಿನ ಪರಾಗ ಇಳಿದು ಹುಲ್ಲುಗಾವಲಿನ ಪರಾಗ ಏರಿದ್ದನ್ನು 1991ರಲ್ಲಿ ಪ್ರಕಟಿಸಿದರು. ಅದೂ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿಯೇ.

ದಖ್ಖಣದ ಕೆರೆಗಳ ವಯಸ್ಸಿನ ಪ್ರಶ್ನೆಗೆ ಉತ್ತರ ಬಂದದ್ದು ಸಾಹನಿಯವರ ಮನೆತನದಿಂದಲೇ. ತಮ್ಮ ಮುಲ್ಕರಾಜ ಸಾಹನಿಯವರೂ ಭೂಗರ್ಭಶಾಸ್ತ್ರಜ್ಞರು. ಅವರ ಮಗ ಅಶೋಕ ಸಾಹನಿಯವರು ಮತ್ತು ಅವರ ಸಂಗಡಿಗರು ಲಾವಾಪದರಗಳ ನಡುವಿನ ಕೆಲವು ಕೆರೆಗಳಲ್ಲಿ ಡೈನೋಸಾರುಗಳ ಅವಶೇಷಗಳನ್ನು ಕಂಡರು. ಡೈನೋಸಾರು ಇದ್ದ ಮೇಲೆ ಆ ಕೆರೆಗಳು ಕ್ರಿಟೇಷಿಯಸ್ ಕಾಲದವೇ ಸರಿ. ಲಾವಾರಸವು ಹರಿದದ್ದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ, ಎರಡು ಯುಗಗಳ ಸಂಧಿಯಲ್ಲಿ, ಗಡಿಯ ಆಚೆಗೂ ಈಚೆಗೂ ಎಂದು ಇಂದಿನ ಗಣನೆ. ಮದರಾಸಿನ ಭಾಷಣದಲ್ಲಿ ದೊಡ್ಡಪ್ಪನು ಹಿಡಿದಿದ್ದ ಪಕ್ಷ ಅರ್ಧ ಉಳಿಯಿತು, ಅರ್ಧ ಬಿದ್ದಿತು. ನಮ್ಮ ಪಕ್ಕದ ಗುರುಮಠಕಲ್ಲಿನ ಬಳಿಯೂ ಅಂಥ ಕೆರೆಯೊಂದರ ಸ್ತರ ದೊರೆತಿದೆ. ಸಿಹಿನೀರಿನ ಪಾಚಿಯ ಕಾಯಿಗಳೂ ಸಾಸಿವೆಗಿಂತ ಚಿಕ್ಕ ಚಿಪ್ಪುಜೀವಿಗಳೂ ಅದರಲ್ಲಿವೆ. ಅದನ್ನೂ ವಿದ್ವಾಂಸರು ಕ್ರಿಟೇಷಿಯಸ್ ಕಾಲಕ್ಕೇ ಎಣಿಸುತ್ತಾರೆ.